ಕ್ರಿಯೇಟಿನ್ ಪೂರಕ: ಸುರಕ್ಷತೆ ಮತ್ತು ಅಡ್ಡಪರಿಣಾಮಗಳು

ಕ್ರಿಯೇಟಿನ್ ಎಂಬುದು ಮನುಷ್ಯನೂ ಸೇರಿದಂತೆ ಬೆನ್ನೆಲುಬಿರುವ ಪ್ರಾಣಿಗಳ ಸ್ನಾಯುಗಳಲ್ಲಿ ಸಹಜವಾಗಿಯೇ ಇರುವ, ಸಾರಜನಕವುಳ್ಳ ಸಣ್ಣ ಸಂಯುಕ್ತ. ಇದನ್ನು ಕಾರ್ಖಾನೆಯಲ್ಲಿ ತಯಾರಿಸಿ ಬಿಳಿ ಪುಡಿಯಾಗಿ ಡಬ್ಬಿ ತುಂಬಿ ಮಾರುವುದು 1990ರ ದಶಕದಿಂದ ನಡೆದುಬಂದಿದೆ. ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರದಲ್ಲಿ ಈ ಡಬ್ಬಿ ಮುಟ್ಟುವ ಜನ ಹಲವು ತೆರನವರು. ತಾಲೀಮಿನಲ್ಲಿ ದಂಡ-ಬಸ್ಕಿ ಹೊಡೆದು ಬೆಳೆದು ಈಗ ಮ್ಯಾಟ್ ಕುಸ್ತಿಗೆ ಇಳಿದಿರುವ ಪೈಲ್ವಾನರು, ಕಬಡ್ಡಿ ಆಟಗಾರರು, ವಿದ್ಯಾನಗರ-ಸಪ್ತಾಪುರದ ಜಿಮ್‌ಗಳಿಗೆ ಹೋಗುವ ಕಾಲೇಜು ಹುಡುಗರು, ಪೊಲೀಸ್ ಮತ್ತು ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆಂದು ಧಾರವಾಡದಲ್ಲಿ ರೂಮ್ ಮಾಡಿಕೊಂಡು ಬೆಳಗಾಗುವ ಮುನ್ನವೇ ಮೈದಾನ ಸುತ್ತುವ ಅಭ್ಯರ್ಥಿಗಳು. ಇವರ ಮನೆಯವರು ಡಬ್ಬಿ ಕಂಡೊಡನೆ ಹೇಳುವ ಮಾತು ಒಂದೇ: "ಕಿಡ್ನಿ ಹಾಳಾಗ್ತಾವು." ಆ ಅಂಜಿಕೆ ಸುಳ್ಳಿನಿಂದ ಹುಟ್ಟಿದ್ದಲ್ಲ, ಅದರ ಹಿಂದೆ ದಾಖಲಾದ ಘಟನೆಗಳಿವೆ, ರಕ್ತ ಪರೀಕ್ಷೆಯ ವರದಿಗಳಿವೆ. ಆದರೆ ಈವರೆಗಿನ ಪುರಾವೆಯನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆರೋಗ್ಯವಂತ ವಯಸ್ಕನಿಗೆ ಹದವಾದ ಪ್ರಮಾಣದ ಶುದ್ಧ ಕ್ರಿಯೇಟಿನ್‌ನಿಂದ ಆಗುವ ಅಪಾಯ ಬಹಳ ಕಡಿಮೆ. ನಿಜವಾದ ಅಪಾಯ ಅದರ ಸುತ್ತಮುತ್ತ ಇದೆ: ಡಬ್ಬಿಯಲ್ಲಿ ಬೆರೆತಿರಬಹುದಾದ ಬೇರೆ ಪದಾರ್ಥಗಳಲ್ಲಿ, ಗೊತ್ತಾಗದೆ ಉಳಿದ ಮೂತ್ರಪಿಂಡದ ಕಾಯಿಲೆಯಲ್ಲಿ, ನೋವಿನ ಗುಳಿಗೆಯಲ್ಲಿ, ತೂಕ ಇಳಿಸಲು ನೀರು ಬಿಡುವ ರೂಢಿಯಲ್ಲಿ.

ಈ ಸಂಯುಕ್ತವನ್ನು ಮಾಂಸದಿಂದ ಮೊದಲು ಬೇರ್ಪಡಿಸಿದವನು ಫ್ರಾನ್ಸ್‌ನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರೂಲ್, 1832ರಲ್ಲಿ. 1847ರಲ್ಲಿ ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್, ಬೇಟೆಯಲ್ಲಿ ಓಡಿ ಸತ್ತ ನರಿಯ ಮಾಂಸದಲ್ಲಿ ಸಾಕಿದ ನರಿಯ ಮಾಂಸಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕ್ರಿಯೇಟಿನ್ ಇರುವುದನ್ನು ಗಮನಿಸಿ, ಇದಕ್ಕೂ ಸ್ನಾಯುವಿನ ದುಡಿಮೆಗೂ ನಂಟಿದೆ ಎಂದು ಊಹಿಸಿದ. ಆ ನಂಟಿನ ಕೀಲಿ ಸಿಕ್ಕಿದ್ದು 1927ರಲ್ಲಿ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ ಹಾರ್ವರ್ಡ್ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್, ಸೈರಸ್ ಫಿಸ್ಕ್ ಜೊತೆಗೂಡಿ ಸ್ನಾಯುವಿನಲ್ಲಿ ಫಾಸ್ಫೊಕ್ರಿಯೇಟಿನ್ ಇರುವುದನ್ನು ತೋರಿಸಿದರು. ಭಾರತದ ಓದುಗರು ಹೆಮ್ಮೆಯಿಂದ ನೆನೆಯಬೇಕಾದ ಈ ಹೆಸರು ಪೂರಕಗಳ ಜಾಹೀರಾತಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸ್ನಾಯುವಿನ ದುಡಿಮೆಗೆ ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಪೂರ್ತಿ ಬಿರುಸಿನ ಕೆಲಸದಲ್ಲಿ ಅದರ ದಾಸ್ತಾನು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆಗ ಫಾಸ್ಫೊಕ್ರಿಯೇಟಿನ್ ತನ್ನ ಫಾಸ್ಫೇಟನ್ನು ಕೊಟ್ಟು ಎಟಿಪಿಯನ್ನು ಮತ್ತೆ ಕಟ್ಟುತ್ತದೆ. ಎದುರಾಳಿಯನ್ನು ಎತ್ತಿ ಒಗೆಯುವ ಕ್ಷಣ, ಕಬಡ್ಡಿ ರೇಡಿನ ಕೊನೆಯ ಜಿಗಿತ, ಭಾರ ಎತ್ತುವ ಆರೆಂಟು ಸಲದ ಸರದಿ, ಇವೆಲ್ಲ ಈ ದಾಸ್ತಾನಿನ ಮೇಲೆ ನಿಂತ ಕೆಲಸಗಳು. 1992ರಲ್ಲಿ ರೋಜರ್ ಹ್ಯಾರಿಸ್, ಕರಿನ್ ಸೋಡರ್‌ಲುಂಡ್ ಮತ್ತು ಎರಿಕ್ ಹಲ್ಟ್‌ಮನ್ ಪ್ರಕಟಿಸಿದ ಅಧ್ಯಯನವು, 5 ಗ್ರಾಂ ಪುಡಿಯನ್ನು ದಿನಕ್ಕೆ ನಾಲ್ಕಾರು ಬಾರಿ ಕೆಲ ದಿನ ಸೇವಿಸಿದರೆ ಸ್ನಾಯುವಿನ ಕ್ರಿಯೇಟಿನ್ ಏರುತ್ತದೆಂದು ಅಳೆದು ತೋರಿಸಿತು. ಇಂದಿನ ಮಾರುಕಟ್ಟೆಯೆಲ್ಲ ಬೆಳೆದದ್ದು ಅಲ್ಲಿಂದ.

ಸುರಕ್ಷತೆಯ ಲೆಕ್ಕ ಹಾಕುವ ಮೊದಲು ಮೈಯೊಳಗಿನ ಲೆಕ್ಕ ತಿಳಿದಿರಬೇಕು. 70 ಕಿಲೋ ತೂಕದ ಗಂಡಸಿನ ದೇಹದಲ್ಲಿ ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ, ಅದರ ಶೇ 95ರಷ್ಟು ಸ್ನಾಯುಗಳಲ್ಲಿ. ದಿನಕ್ಕೆ ಹೆಚ್ಚುಕಡಿಮೆ 2 ಗ್ರಾಂ ತಾನಾಗಿಯೇ ಒಡೆದು ಕ್ರಿಯೇಟಿನೈನ್ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ. ಹೋದದ್ದರಲ್ಲಿ ಸುಮಾರು ಅರ್ಧವನ್ನು ಮೂತ್ರಪಿಂಡ ಮತ್ತು ಯಕೃತ್ತು ಸೇರಿ ಮೂರು ಅಮೈನೊ ಆಮ್ಲಗಳಿಂದ ತಯಾರಿಸುತ್ತವೆ, ಉಳಿದದ್ದು ಮಾಂಸ, ಮೀನಿನಿಂದ ಬರುತ್ತದೆ. ಒಂದು ಕಿಲೋ ಮಾಂಸದಲ್ಲಿ ನಾಲ್ಕೈದು ಗ್ರಾಂ ಕ್ರಿಯೇಟಿನ್ ಸಿಕ್ಕರೆ ಒಂದು ಲೀಟರ್ ಹಾಲಿನಲ್ಲಿ ಸಿಗುವುದು 0.1 ಗ್ರಾಂನಷ್ಟು ಮಾತ್ರ. ಕಾಳು, ಜೋಳ, ಬಾದಾಮಿಯಲ್ಲಿ ಇಲ್ಲವೆಂದೇ ಹೇಳಬೇಕು. ಲಿಂಗಾಯತ, ಜೈನ, ಬ್ರಾಹ್ಮಣ ಮನೆತನಗಳ ಸಸ್ಯಾಹಾರ ಬೇರೂರಿರುವ ಧಾರವಾಡ ಸೀಮೆಯಲ್ಲಿ ಈ ಅಂಕಿಗೆ ವಿಶೇಷ ಅರ್ಥವಿದೆ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕ್ರಿಯೇಟಿನ್ ಕಡಿಮೆ ಇರುತ್ತದೆ. 2003ರಲ್ಲಿ ಕೆನಡಾದಲ್ಲಿ ನಡೆದ ಎಂಟು ವಾರಗಳ ಪ್ರಯೋಗದಲ್ಲಿ ಪೂರಕ ಸೇವಿಸಿದ ಸಸ್ಯಾಹಾರಿಗಳ ಸ್ನಾಯುವಿನ ದಾಸ್ತಾನು ಮಾಂಸಾಹಾರಿಗಳದ್ದಕ್ಕಿಂತ ಹೆಚ್ಚು ಏರಿತು. ಹಳೆಯ ಪೈಲ್ವಾನರು ಹಾಲು, ತುಪ್ಪ, ಬಾದಾಮಿಯ ಮೇಲೆಯೇ ಕುಸ್ತಿ ಗೆದ್ದರಲ್ಲ, ಈ ಪುಡಿ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗೆಲುವಿಗೆ ಇದು ಅನಿವಾರ್ಯವಲ್ಲ, ತಾಲೀಮಿನ ಬೆವರಿಗೆ ಬದಲಿಯೂ ಅಲ್ಲ. ಆದರೆ ಹಾಲಿನಿಂದಲೇ ಕ್ರಿಯೇಟಿನ್ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಲೆಕ್ಕಕ್ಕೆ ನಿಲ್ಲದು. ಸಸ್ಯಾಹಾರಿಯ ಮೈಯಲ್ಲಿ ಪೂರಕದ ಪರಿಣಾಮ ಎದ್ದು ಕಾಣುವುದರಿಂದ, ಮುಂದೆ ಹೇಳುವ ತೂಕದ ಏರಿಕೆ, ರಕ್ತ ಪರೀಕ್ಷೆಯ ಏರುಪೇರು ಅವನಲ್ಲಿ ಇನ್ನೂ ಎದ್ದು ಕಾಣಬಹುದು.

ನಿಸ್ಸಂಶಯವಾಗಿ ಸಾಬೀತಾದ ಅಡ್ಡಪರಿಣಾಮಗಳು ಎರಡೇ. ಮೊದಲನೆಯದು ತೂಕ. ಕ್ರಿಯೇಟಿನ್ ಸ್ನಾಯುಕೋಶದೊಳಗೆ ಹೋಗುವಾಗ ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ; ದೊಡ್ಡ ಪ್ರಮಾಣದಿಂದ ಆರಂಭಿಸಿದವರಿಗೆ ಮೊದಲ ವಾರದಲ್ಲೇ ಒಂದೆರಡು ಕಿಲೋ ಏರುತ್ತದೆ. ಕನ್ನಡಿಯ ಮುಂದೆ ಇದು ಮಾಂಸಖಂಡದಂತೆ ಕಂಡರೂ ಮೊದಲ ದಿನಗಳಲ್ಲಿ ಏರಿದ್ದು ಬಹುಪಾಲು ನೀರು. ಎರಡನೆಯದು ಹೊಟ್ಟೆ: ಉಬ್ಬರ, ಸೆಳೆತ, ಭೇದಿ. ಇದು ಪ್ರಮಾಣಕ್ಕೆ ನೇರವಾಗಿ ಅಂಟಿಕೊಂಡ ತೊಂದರೆ. ಫುಟ್‌ಬಾಲ್ ಆಟಗಾರರ ಮೇಲಿನ 2008ರ ಒಂದು ಪ್ರಯೋಗದಲ್ಲಿ ಒಂದೇ ಸಲ 10 ಗ್ರಾಂ ಕುಡಿದವರಿಗೆ, ಅದನ್ನೇ 5 ಗ್ರಾಂನ ಎರಡು ಭಾಗ ಮಾಡಿ ಕುಡಿದವರಿಗಿಂತ ಹೆಚ್ಚಾಗಿ ಭೇದಿಯಾಯಿತು. ಜಿಮ್‌ಗಳಲ್ಲಿ 'ಲೋಡಿಂಗ್' ಎಂದು ಹೇಳಿಕೊಡುವ ದಿನಕ್ಕೆ 20 ಗ್ರಾಂನ ಐದಾರು ದಿನದ ಕ್ರಮ ಈ ಕಾರಣಕ್ಕೆ ಬಹುತೇಕರಿಗೆ ಅನಗತ್ಯ. ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ತೆಗೆದುಕೊಂಡರೂ ಸ್ನಾಯು ಅದೇ ಮಟ್ಟಕ್ಕೆ ತುಂಬುತ್ತದೆಂದು ಹಲ್ಟ್‌ಮನ್ ತಂಡವೇ 1996ರಲ್ಲಿ ತೋರಿಸಿದೆ. ತುಂಬಿದ ಮೇಲೆ 3ರಿಂದ 5 ಗ್ರಾಂ ಸಾಕು, ಎಂದರೆ ಸಣ್ಣ ಟೀ ಚಮಚದಷ್ಟು. ಹೆಚ್ಚು ತಿಂದದ್ದು ಸ್ನಾಯುವಿಗೆ ಹೋಗುವುದಿಲ್ಲ, ಮೂತ್ರದಲ್ಲಿ ಹೋಗುತ್ತದೆ. 'ಎಥೈಲ್ ಎಸ್ಟರ್', 'ಬಫರ್ಡ್' ಮುಂತಾದ ದುಬಾರಿ ರೂಪಗಳು ಸಾದಾ ಮೋನೊಹೈಡ್ರೇಟ್‌ಗಿಂತ ಮೇಲೆಂದು ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಎಥೈಲ್ ಎಸ್ಟರಂತೂ ಮೈಯೊಳಗೆ ಬಹುಪಾಲು ಕ್ರಿಯೇಟಿನೈನ್ ಆಗಿಬಿಡುತ್ತದೆ.

ಇನ್ನು ಮೂತ್ರಪಿಂಡದ ಪ್ರಶ್ನೆ. ವಾದದ ಗಂಟು ಇರುವುದೇ ಇಲ್ಲಿ, ಹಾಗಾಗಿ ಇದನ್ನು ನಿಧಾನವಾಗಿ ಬಿಡಿಸಬೇಕು. ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂದು ಅಳೆಯಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಿಂದ ತಾಲ್ಲೂಕಿನ ಸಣ್ಣ ಪ್ರಯೋಗಾಲಯದವರೆಗೆ ಎಲ್ಲರೂ ನೋಡುವುದು ರಕ್ತದ ಕ್ರಿಯೇಟಿನೈನ್. 1886ರಲ್ಲಿ ಮ್ಯಾಕ್ಸ್ ಯಾಫೆ ಕಂಡುಹಿಡಿದ ಬಣ್ಣದ ಕ್ರಿಯೆಯೇ ಇಂದಿಗೂ ಅನೇಕ ಕಡೆ ಈ ಪರೀಕ್ಷೆಯ ಆಧಾರ. ಕ್ರಿಯೇಟಿನೈನ್ ಏರಿದರೆ ಸೋಸುವಿಕೆ ಇಳಿದಿದೆ ಎಂದು ತಿಳಿಯುವುದು ವಾಡಿಕೆ. ಆದರೆ ರಕ್ತದ ಕ್ರಿಯೇಟಿನೈನ್ ಏರಲು ಎರಡು ದಾರಿಗಳಿವೆ: ಒಂದು ಹೊರಹೋಗುವುದು ಕಡಿಮೆಯಾಗುವುದು, ಇನ್ನೊಂದು ಒಳಗೆ ಹುಟ್ಟುವುದೇ ಹೆಚ್ಚಾಗುವುದು. ಪೂರಕ ಸೇವಿಸುವವನ ಸ್ನಾಯುವಿನಲ್ಲಿ ಕ್ರಿಯೇಟಿನ್ ಹೆಚ್ಚಿರುವುದರಿಂದ ಅದು ಒಡೆದು ಹುಟ್ಟುವ ಕ್ರಿಯೇಟಿನೈನ್ ಕೂಡ ಹೆಚ್ಚು. ವರದಿಯಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. 25 ವರ್ಷದ ಗಂಡಸಿನ ಕ್ರಿಯೇಟಿನೈನ್ ಡೆಸಿಲೀಟರಿಗೆ 1.1 ಮಿಲಿಗ್ರಾಂ ಇದ್ದರೆ, 2021ರ ಸಿಕೆಡಿ-ಎಪಿ ಸೂತ್ರದ ಪ್ರಕಾರ ಅವನ ಸೋಸುವಿಕೆಯ ಅಂದಾಜು ನಿಮಿಷಕ್ಕೆ ಸುಮಾರು 95 ಮಿಲಿಲೀಟರ್. ಕ್ರಿಯೇಟಿನ್ ಆರಂಭಿಸಿದ ಮೇಲೆ ಅದೇ ವ್ಯಕ್ತಿಯ ಅಂಕಿ 1.3 ಆಯಿತೆನ್ನಿ, ಸೂತ್ರ ಈಗ 78 ಎಂದು ಹೇಳುತ್ತದೆ. ಮೂತ್ರಪಿಂಡದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಆಗದಿದ್ದರೂ ಕಾಗದದ ಮೇಲೆ ಸೋಸುವಿಕೆ ಇಳಿದುಹೋಗಿ, 90ರ ಗೆರೆಯ ಕೆಳಗೆ ಬಂದಿರುತ್ತದೆ. ನೇಮಕಾತಿಯ ವೈದ್ಯಕೀಯ ತಪಾಸಣೆಗೆ ಹೋದ ಹುಡುಗನ ಕೈಯಲ್ಲಿ ಇಂಥ ವರದಿ ಇದ್ದಾಗ, ಪುಡಿಯ ಸುದ್ದಿಯನ್ನು ಅವನು ಬಾಯಿಬಿಟ್ಟು ಹೇಳದಿದ್ದರೆ, ವೈದ್ಯರು ಕಾಯಿಲೆ ಎಂದು ಶಂಕಿಸುವುದು ತಪ್ಪಲ್ಲ.

ಈ ಗೊಂದಲ ಬಿಡಿಸಲು ವಿಜ್ಞಾನಿಗಳು ಕ್ರಿಯೇಟಿನೈನ್ ಅನ್ನು ಬದಿಗಿಟ್ಟು ಬೇರೆ ಅಳತೆಗೋಲು ಹಿಡಿದರು. ಬ್ರೆಜಿಲ್‌ನ ಬ್ರೂನೊ ಗ್ವಾಲಾನೊ ಮತ್ತು ಸಂಗಡಿಗರು 2008ರಲ್ಲಿ, ಸ್ನಾಯುವಿನ ಹಂಗಿಲ್ಲದ ಸಿಸ್ಟಾಟಿನ್-ಸಿ ಎಂಬ ಪ್ರೋಟೀನಿನಿಂದ ಅಳೆದು, ಮೂರು ತಿಂಗಳು ದಿನಕ್ಕೆ ಸುಮಾರು 10 ಗ್ರಾಂ ಸೇವಿಸಿದ ಆರೋಗ್ಯವಂತರ ಮೂತ್ರಪಿಂಡಕ್ಕೆ ಧಕ್ಕೆಯಾಗಿಲ್ಲವೆಂದು ವರದಿ ಮಾಡಿದರು. 2010ರಲ್ಲಿ ಒಂದೇ ಮೂತ್ರಪಿಂಡವಿದ್ದ ಯುವಕನೊಬ್ಬನಲ್ಲಿ, 2011ರಲ್ಲಿ ಎರಡನೇ ಬಗೆಯ ಮಧುಮೇಹಿಗಳಲ್ಲಿ, ವಿಕಿರಣಶೀಲ ಪದಾರ್ಥದ ಸಹಾಯದಿಂದ ಸೋಸುವಿಕೆಯನ್ನು ನೇರವಾಗಿಯೇ ಅಳೆದರು. ಅಲ್ಲಿಯೂ ಇಳಿಕೆ ಕಾಣಲಿಲ್ಲ. ಬೆಲ್ಜಿಯಂನ ಪೂರ್ಟ್‌ಮನ್ಸ್ ಮತ್ತು ಫ್ರಾಂಕೊ 1999ರಲ್ಲೇ, ಹತ್ತು ತಿಂಗಳಿಂದ ಐದು ವರ್ಷದವರೆಗೆ ಪೂರಕ ಬಳಸಿದ ಕ್ರೀಡಾಪಟುಗಳನ್ನು ಪರೀಕ್ಷಿಸಿ ಇದೇ ಮಾತು ಹೇಳಿದ್ದರು. ಇದಕ್ಕೆ ಎದುರಾಗಿ ಇಡಬೇಕಾದ ಘಟನೆಗಳೂ ಇವೆ, ಅವನ್ನು ಮುಚ್ಚಿಡಬಾರದು. 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ 25 ವರ್ಷದ ಯುವಕನೊಬ್ಬನ ವೃತ್ತಾಂತ ಪ್ರಕಟಿಸಿತು: ಕ್ರಿಯೇಟಿನ್ ಆರಂಭಿಸಿದ ಮೇಲೆ ಅವನ ಮೂತ್ರಪಿಂಡದ ಕೆಲಸ ಕುಸಿಯಿತು, ಬಿಟ್ಟ ಮೇಲೆ ಸುಧಾರಿಸಿತು. ಆದರೆ ಅವನಿಗೆ ಎಂಟು ವರ್ಷಗಳಿಂದ ಮೂತ್ರಪಿಂಡದ ಸೋಸುಗಂಟುಗಳ ಕಾಯಿಲೆ ಇತ್ತು, ಅದಕ್ಕಾಗಿ ಸೈಕ್ಲೋಸ್ಪೊರಿನ್ ಔಷಧಿಯೂ ನಡೆದಿತ್ತು. ಮರುವರ್ಷ ಅಮೆರಿಕದಿಂದ ಬಂದ ಇನ್ನೊಂದು ವರದಿಯಲ್ಲಿ ನಾಲ್ಕು ವಾರ ದಿನಕ್ಕೆ 20 ಗ್ರಾಂ ಸೇವಿಸಿದ 20 ವರ್ಷದವನಿಗೆ ಮೂತ್ರಪಿಂಡದ ಉರಿಯೂತವಾಗಿತ್ತು, ಅವನೂ ಚೇತರಿಸಿಕೊಂಡ. ಲಕ್ಷಾಂತರ ಬಳಕೆದಾರರ ನಡುವೆ ಇಂಥ ಬಿಡಿ ಘಟನೆಗಳಿಂದ ಪದಾರ್ಥವೇ ವಿಷ ಎಂದು ತೀರ್ಮಾನಿಸಲಾಗದು. ಮೊದಲೇ ಪೆಟ್ಟು ತಿಂದ ಮೂತ್ರಪಿಂಡದವರು ಇದನ್ನು ಮುಟ್ಟಬಾರದು ಎಂಬ ಎಚ್ಚರಿಕೆಗೆ ಮಾತ್ರ ಅವು ಸಾಕಷ್ಟು ಬಲವಾದ ಆಧಾರ.

ಇಲ್ಲಿ ಇನ್ನೊಂದು ಗಟ್ಟಿ ಆಕ್ಷೇಪ ಬರುತ್ತದೆ. ಈ ಪ್ರಯೋಗಗಳಲ್ಲಿ ಜನ ಕಡಿಮೆ, ಅವಧಿ ಚಿಕ್ಕದು, ಕೆಲವು ಸಂಶೋಧಕರಿಗೆ ಪೂರಕ ಕಂಪನಿಗಳ ನಂಟೂ ಇದೆ. ಇವನ್ನು ನಂಬುವುದು ಹೇಗೆ? ದಿನಕ್ಕೆ 30 ಗ್ರಾಂವರೆಗೆ ಐದು ವರ್ಷ ಸೇವಿಸಿದರೂ ಆರೋಗ್ಯವಂತರಿಗೆ ಬಾಧೆಯಿಲ್ಲ ಎಂದು 2017ರಲ್ಲಿ ಹೇಳಿದ ಅಂತಾರಾಷ್ಟ್ರೀಯ ಕ್ರೀಡಾ ಪೋಷಣಾ ಸಂಘದ ನಿಲುವು ಪತ್ರವನ್ನು ಈ ಅನುಮಾನದಿಂದಲೇ ಓದುವುದು ಸರಿ. ಆದರೆ ಕಂಪನಿಗಳ ಲಾಭಕ್ಕೆ ಸಂಬಂಧವಿಲ್ಲದ ದೊಡ್ಡ ಪುರಾವೆಯೊಂದಿದೆ. ಪಾರ್ಕಿನ್ಸನ್ ಕಾಯಿಲೆಯನ್ನು ಕ್ರಿಯೇಟಿನ್ ನಿಧಾನಗೊಳಿಸೀತೇ ಎಂದು ತಿಳಿಯಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಣ ಕೊಟ್ಟು, ಅಮೆರಿಕ ಮತ್ತು ಕೆನಡಾದ 45 ಕೇಂದ್ರಗಳಲ್ಲಿ 1,741 ರೋಗಿಗಳನ್ನು ಸೇರಿಸಿ ಪ್ರಯೋಗ ನಡೆಸಿತು. ಅವರಲ್ಲಿ ಅರ್ಧದಷ್ಟು ಜನ ದಿನಕ್ಕೆ 10 ಗ್ರಾಂ ಕ್ರಿಯೇಟಿನ್ ತೆಗೆದುಕೊಂಡರು, ಅನೇಕರು ಐದು ವರ್ಷ ಅಥವಾ ಮೇಲ್ಪಟ್ಟು. ಕಾಯಿಲೆಗೆ ಉಪಯೋಗವಾಗದೆಂದು 2013ರಲ್ಲಿ ಪ್ರಯೋಗ ನಿಲ್ಲಿಸಿದರು, 2015ರಲ್ಲಿ ಫಲಿತಾಂಶ ಹೊರಬಂತು. ಗುಣವಾಗಲಿಲ್ಲ, ನಿಜ. ಆದರೆ ನಡುವಯಸ್ಸು ದಾಟಿದ, ಔಷಧಿಗಳ ಮೇಲಿದ್ದ ಈ ಜನರಲ್ಲೂ ಪೂರಕದಿಂದ ಗಂಭೀರ ಹಾನಿ ಹೆಚ್ಚಿದ ಸುಳಿವು ಸಿಗಲಿಲ್ಲ. ಜಿಮ್ ಹುಡುಗ ತೆಗೆದುಕೊಳ್ಳುವ ಪ್ರಮಾಣದ ಎರಡು ಪಟ್ಟನ್ನು ವರ್ಷಗಟ್ಟಲೆ, ವೈದ್ಯರ ಕಣ್ಣೆದುರು ತೆಗೆದುಕೊಂಡವರ ಈ ದಾಖಲೆಗೆ ತೂಕವಿದೆ. ಹುಟ್ಟಿನಿಂದಲೇ ಕ್ರಿಯೇಟಿನ್ ತಯಾರಿಸಲಾಗದ ಅಪರೂಪದ ಕಾಯಿಲೆಯ ಮಕ್ಕಳಿಗೆ, 1994ರಲ್ಲಿ ಆ ಕಾಯಿಲೆ ಮೊದಲು ಗುರುತಾದಂದಿನಿಂದ, ಇದನ್ನೇ ದೊಡ್ಡ ಪ್ರಮಾಣದಲ್ಲಿ ಔಷಧಿಯಾಗಿ ವರ್ಷಾನುಗಟ್ಟಲೆ ಕೊಡುತ್ತಾ ಬಂದಿದ್ದಾರೆ.

ಹಾಗಾದರೆ ನಮ್ಮ ಭಾಗದಲ್ಲಿ ಅಂಜಬೇಕಾದದ್ದು ಯಾವುದಕ್ಕೆ? ಮೊದಲನೆಯದಾಗಿ, ಗೊತ್ತಿಲ್ಲದ ಕಾಯಿಲೆಗೆ. ಭಾರತದ 13 ಕೇಂದ್ರಗಳಲ್ಲಿ 5,588 ಜನರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ 'ಸೀಕ್' ಅಧ್ಯಯನದಲ್ಲಿ ಶೇ 17.2ರಷ್ಟು ಜನರಲ್ಲಿ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಲಕ್ಷಣ ಕಂಡಿತು. ಸಕ್ಕರೆ ಕಾಯಿಲೆ, ಬಿ.ಪಿ. ಇದರ ಮುಖ್ಯ ಕಾರಣಗಳು. ಮೊದಮೊದಲು ನೋವಿಲ್ಲ, ಬಾವಿಲ್ಲ, ಹಾಗಾಗಿ ತಪಾಸಣೆಯೂ ಇಲ್ಲ. ಕ್ರಿಯೇಟಿನ್ ಸುರಕ್ಷಿತ ಎಂಬ ಪುರಾವೆಯೆಲ್ಲ ಬಹುಮಟ್ಟಿಗೆ ಆರೋಗ್ಯವಂತ ಮೂತ್ರಪಿಂಡದ ಪುರಾವೆ. ಆರೋಗ್ಯವಂತನೋ ಅಲ್ಲವೋ ಎಂದು ತಿಳಿಯದವನು ಆ ಪುರಾವೆಯ ನೆರಳಿನಲ್ಲಿ ನಿಲ್ಲಲಾರ. ಪುಡಿ ಆರಂಭಿಸುವ ಮೊದಲೇ ಒಮ್ಮೆ ರಕ್ತದ ಕ್ರಿಯೇಟಿನೈನ್, ಸಕ್ಕರೆ, ಬಿ.ಪಿ. ಮತ್ತು ಮೂತ್ರದ ಆಲ್ಬುಮಿನ್ ನೋಡಿಸಿಕೊಂಡು ಕಾಗದ ಜೋಪಾನವಾಗಿಟ್ಟುಕೊಳ್ಳುವುದರಲ್ಲಿ ಎರಡು ಲಾಭ: ಕಾಯಿಲೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ, ಇಲ್ಲದಿದ್ದರೆ ಮುಂದೆ ಅಂಕಿ ಏರಿದಾಗ ಹೋಲಿಸಲು ಹಳೆಯ ಅಂಕಿ ಕೈಯಲ್ಲಿರುತ್ತದೆ. ಎರಡನೆಯದಾಗಿ, ನೋವಿನ ಗುಳಿಗೆಗೆ. ಕುಸ್ತಿ, ಕಬಡ್ಡಿ, ಓಟದ ನೋವಿಗೆ ಚೀಟಿ ಇಲ್ಲದೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ಸಾಮಾನ್ಯ. ಈ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಬೆವರಿ ನೀರು ಕಳೆದುಕೊಂಡ ಮೈಗೆ ಇವು ಬಿದ್ದರೆ ಮೂತ್ರಪಿಂಡಕ್ಕೆ ಬೀಳುವ ಪೆಟ್ಟು ಕ್ರಿಯೇಟಿನ್‌ನದ್ದಕ್ಕಿಂತ ಎಷ್ಟೋ ಹೆಚ್ಚು ಖಚಿತ. ಕ್ರಿಯೇಟಿನ್ ಡಬ್ಬಿಗೆ ಹೆದರುವ ಮನೆ ಇದೇ ಗುಳಿಗೆಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವುದು ನಿಜಕ್ಕೂ ಕಳವಳದ ಸಂಗತಿ.

ಮೂರನೆಯದು ಸೆಕೆ ಮತ್ತು ನೀರು. ಕ್ರಿಯೇಟಿನ್ ಸ್ನಾಯುಗಳಿಗೆ ನೀರೆಳೆದರೆ ಉಳಿದ ಮೈ ಒಣಗಿ, ಬಿಸಿಲಿನಲ್ಲಿ ಸ್ನಾಯುಸೆಳೆತ, ಉಷ್ಣಾಘಾತ ಆಗಬಹುದು ಎಂಬ ತರ್ಕ ಒಂದು ಕಾಲಕ್ಕೆ ಪ್ರಬಲವಾಗಿತ್ತು. ಏಪ್ರಿಲ್-ಮೇ ತಿಂಗಳಲ್ಲಿ 37 ಡಿಗ್ರಿ ದಾಟುವ ಹುಬ್ಬಳ್ಳಿಯ ಬಿಸಿಲಿಗೆ ಈ ಪ್ರಶ್ನೆ ಸಹಜ. ಆದರೆ ಸೆಕೆಯಲ್ಲಿ ದುಡಿಸಿ ನಡೆಸಿದ ಪ್ರಯೋಗಗಳಲ್ಲಿ ಮೈಬಿಸಿಯಾಗಲಿ ಸೆಳೆತವಾಗಲಿ ಹೆಚ್ಚಲಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡದ ಮೇಲಿನ 2003ರ ಅಧ್ಯಯನದಲ್ಲಿ ಪೂರಕ ಬಳಸಿದವರಿಗೇ ಸೆಳೆತ ಕಡಿಮೆಯಿತ್ತು. ಆ ತರ್ಕಕ್ಕೆ ಬಲ ಬಂದದ್ದು 1997ರ ನವೆಂಬರ್-ಡಿಸೆಂಬರಿನಲ್ಲಿ, ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಒಂದೇ ತಿಂಗಳ ಅಂತರದಲ್ಲಿ ತೀರಿಕೊಂಡಾಗ. ಮೊದಲು ಬೆರಳು ಚಾಚಿದ್ದು ಕ್ರಿಯೇಟಿನ್ ಕಡೆಗೇ. ತನಿಖೆಯಲ್ಲಿ ಹೊರಬಿದ್ದದ್ದು ಬೇರೆ: ತಮ್ಮ ತೂಕದ ವರ್ಗಕ್ಕೆ ಇಳಿಯಲು ಮೂವರೂ ಗಾಳಿಯಾಡದ ಉಡುಪು ತೊಟ್ಟು, ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡಿ, ನೀರು ಬಿಟ್ಟು ಮೈ ಒಣಗಿಸಿಕೊಂಡಿದ್ದರು. ಮರುವರ್ಷದ ಜನವರಿಯಲ್ಲೇ ಅಲ್ಲಿನ ಕಾಲೇಜು ಕ್ರೀಡಾ ಸಂಘ ರಬ್ಬರ್ ಉಡುಪು, ಬಿಸಿ ಕೋಣೆಗಳನ್ನು ನಿಷೇಧಿಸಿತು. ಈ ದುರಂತದಿಂದ ಕ್ರಿಯೇಟಿನ್ ದೋಷಮುಕ್ತವಾಯಿತೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ನನಗೆ ಅದು ಅರ್ಧ ಪಾಠವೆನಿಸುತ್ತದೆ. ಉತ್ತರ ಕರ್ನಾಟಕದ ಜಾತ್ರೆಯ ಮಟ್ಟಿ ಕುಸ್ತಿಯಲ್ಲಿ ಆಳಿಗೆ ಆಳು ನೋಡಿ ಜೋಡಿ ಹಚ್ಚುತ್ತಾರೆ, ಅರ್ಧ ಕಿಲೋ ಹೆಚ್ಚುಕಡಿಮೆಗೆ ಯಾರೂ ತಡೆಯುವುದಿಲ್ಲ. ಮ್ಯಾಟ್ ಕುಸ್ತಿ ಹಾಗಲ್ಲ, ಅಲ್ಲಿ ತಕ್ಕಡಿ ತೀರ್ಮಾನಿಸುತ್ತದೆ. ತನ್ನ ವರ್ಗದ ಅಂಚಿನಲ್ಲಿರುವ ಪೈಲ್ವಾನನಿಗೆ ಕ್ರಿಯೇಟಿನ್ ಒಂದೂವರೆ ಕಿಲೋ ನೀರು ಏರಿಸಿದರೆ, ಅದನ್ನು ಇಳಿಸಲು ಅವನು ಹಿಡಿಯುವ ದಾರಿ ಆ ಮೂವರು ಹಿಡಿದ ದಾರಿಯೇ. ಪುಡಿ ನೇರವಾಗಿ ಕೊಲ್ಲದು. ಕೊಲ್ಲುವ ರೂಢಿಗೆ ತಳ್ಳಬಲ್ಲದು. ತೂಕ ನೋಡುವ ದಿನ ಹತ್ತಿರವಿರುವಾಗ ಹೊಸದಾಗಿ ಕ್ರಿಯೇಟಿನ್ ಆರಂಭಿಸಬಾರದೆಂದು ವಸ್ತಾದರೂ ತರಬೇತುದಾರರೂ ಕಟ್ಟುನಿಟ್ಟಾಗಿ ಹೇಳಬೇಕಾದದ್ದು ಇದಕ್ಕಾಗಿ.

ಕೂದಲು ಉದುರುತ್ತದೆ ಎಂಬ ಮಾತಿಗೆ ಮೂಲ ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲಿನ 2009ರ ಒಂದು ಅಧ್ಯಯನ. ಅದರಲ್ಲಿ ಬೋಳುತಲೆಗೆ ಸಂಬಂಧಿಸಿದ ಡಿಎಚ್‌ಟಿ ಹಾರ್ಮೋನು ಒಂದು ವಾರದಲ್ಲಿ ಶೇ 56ರಷ್ಟು ಏರಿತ್ತು, ಆದರೆ ಯಾರ ಕೂದಲನ್ನೂ ಎಣಿಸಿರಲಿಲ್ಲ. 2025ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ಕೂದಲನ್ನೂ ಹಾರ್ಮೋನನ್ನೂ ಅಳೆದರು, ಪುಡಿ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ. ಕ್ಯಾನ್ಸರ್ ಶಂಕೆಯನ್ನು 2001ರಲ್ಲಿ ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆ ಎತ್ತಿತ್ತು. ಸೇವಿಸಿದವರ ಮೈಯಲ್ಲಿ ಕ್ಯಾನ್ಸರ್ ತರಬಲ್ಲ ಅಮೈನುಗಳು ಹುಟ್ಟುತ್ತವೆಯೇ ಎಂದು 2015ರಲ್ಲಿ ಬ್ರೆಜಿಲ್‌ನಲ್ಲಿ ಹುಡುಕಿದಾಗ ಏರಿಕೆ ಸಿಗಲಿಲ್ಲ. ಬೈಪೋಲಾರ್ ಕಾಯಿಲೆ ಇರುವ ಕೆಲವರಲ್ಲಿ ಉನ್ಮಾದ ಕೆರಳಿದ ವರದಿಗಳಿರುವುದರಿಂದ ಅಂಥವರು ಮನೋವೈದ್ಯರನ್ನು ಕೇಳದೆ ಮುಟ್ಟಬಾರದು.

ಈಗ ಡಬ್ಬಿಯ ಮಾತು. ಕಾರ್ಖಾನೆಯಲ್ಲಿ ಕ್ರಿಯೇಟಿನ್ ತಯಾರಾಗುವುದು ಮಾಂಸದಿಂದಲ್ಲ, ಸಾರ್ಕೊಸಿನೇಟ್ ಮತ್ತು ಸಯನಮೈಡ್ ಎಂಬ ರಾಸಾಯನಿಕಗಳಿಂದ. ಸಸ್ಯಾಹಾರಿಗಳ ಅನುಮಾನ ಇದರಿಂದ ಬಗೆಹರಿಯುತ್ತದೆ. ಆದರೆ ತಯಾರಿಕೆ ಎಚ್ಚರದಿಂದ ನಡೆಯದಿದ್ದರೆ ಡೈಸಯನ್‌ಡಯಮೈಡ್, ಡೈಹೈಡ್ರೊಟ್ರಯಜೀನ್‌ನಂಥ ಕಲ್ಮಶಗಳು ಪುಡಿಯಲ್ಲಿ ಉಳಿಯುತ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2004ರಲ್ಲಿ ದಿನಕ್ಕೆ 3 ಗ್ರಾಂ ಸೇವನೆಯಿಂದ ಅಪಾಯವಿಲ್ಲ ಎಂದಾಗಲೂ ಪುಡಿ ಶೇ 99.95ರಷ್ಟು ಶುದ್ಧವಿರಬೇಕೆಂಬ ಷರತ್ತು ಹಾಕಿತ್ತು. ಇಟಲಿಯಲ್ಲಿ 33 ಉತ್ಪನ್ನಗಳನ್ನು ಪರೀಕ್ಷಿಸಿದ 2011ರ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಒಂದಲ್ಲ ಒಂದು ಕಲ್ಮಶದಲ್ಲಿ ಮಿತಿ ಮೀರಿದ್ದವು. ಕಲಬೆರಕೆಯ ಕಥೆ ಇದಕ್ಕಿಂತ ಗಂಭೀರ. 2000-01ರಲ್ಲಿ ಜರ್ಮನಿಯ ಕಲೋನ್ ಪ್ರಯೋಗಾಲಯ 13 ದೇಶಗಳಿಂದ ತಂದ 634 ಪೂರಕಗಳಲ್ಲಿ ಶೇ 14.8ರಷ್ಟರಲ್ಲಿ ಲೇಬಲ್ ಮೇಲೆ ಬರೆಯದ ಸ್ಟೀರಾಯ್ಡ್ ಅಂಶ ಪತ್ತೆ ಮಾಡಿತು. ಭಾರತದಲ್ಲಿ 2024ರಲ್ಲಿ ಕೇರಳದ ವೈದ್ಯರ ತಂಡ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 70ರಲ್ಲಿ ಲೇಬಲ್ ಹೇಳಿದ್ದೊಂದು ಒಳಗಿದ್ದದ್ದೊಂದು, ಶೇ 14ರಲ್ಲಿ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಇತ್ತು. ಅವು ಕ್ರಿಯೇಟಿನ್ ಡಬ್ಬಿಗಳಲ್ಲ, ಆದರೆ ಅದೇ ಅಂಗಡಿಯ ಅದೇ ಕಪಾಟಿನವು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಕ್ರಿಯೇಟಿನ್ ಅನ್ನು ನಿಷೇಧಿಸಿಲ್ಲ. ಆದರೆ ಡಬ್ಬಿಯಲ್ಲಿ ಬೆರೆತ ಸ್ಟೀರಾಯ್ಡ್ ಮೂತ್ರದಲ್ಲಿ ಸಿಕ್ಕರೆ, ಧಾರವಾಡದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗಿಯ ಭವಿಷ್ಯವೂ ಅಲ್ಲಿಗೆ ನಿಲ್ಲಬಹುದು. ಗೊತ್ತಿಲ್ಲದೆ ತಿಂದೆ ಎಂಬುದು ಶಿಕ್ಷೆಯಿಂದ ಪಾರು ಮಾಡುವ ಉತ್ತರವಲ್ಲ, ಮೈಯೊಳಗೆ ಹೋದದ್ದಕ್ಕೆ ಆಟಗಾರನೇ ಹೊಣೆ ಎಂಬುದು ಅಲ್ಲಿನ ನಿಯಮ.

ಭಾರತದಲ್ಲಿ ಪೂರಕಗಳು ಔಷಧಿಯಲ್ಲ, ಆಹಾರ; 2006ರ ಆಹಾರ ಸುರಕ್ಷತಾ ಕಾಯ್ದೆ ಮತ್ತು ಪೂರಕಗಳ ನಿಯಮಾವಳಿಯ ಅಡಿ ಬರುತ್ತವೆ. ಎಂದರೆ ಪ್ರತಿ ಡಬ್ಬಿಯೂ ಅಂಗಡಿ ಸೇರುವ ಮೊದಲು ಯಾರೋ ಪರೀಕ್ಷಿಸಿದ್ದಾರೆಂದು ಅರ್ಥವಲ್ಲ. ಲೇಬಲ್ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಪರವಾನಗಿ ಸಂಖ್ಯೆ, ಔಷಧಿಯಾಗಿ ಬಳಸಬಾರದೆಂಬ ಸೂಚನೆ, ಬ್ಯಾಚ್ ಸಂಖ್ಯೆ, ವಿದೇಶಿ ಮಾಲಾದರೆ ಆಮದುದಾರನ ಹೆಸರು-ವಿಳಾಸ ಇರಬೇಕು. ಆ 14 ಅಂಕಿಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ಹಾಕಿ ನೋಡಿದರೆ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಡಬ್ಬಿ ಬಿಟ್ಟು ಸಾದಾ ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಡುವ ಪುಡಿಯನ್ನು, ಎಷ್ಟೇ ಅಗ್ಗವಿದ್ದರೂ, ಕೊಳ್ಳಬಾರದು. ಪದಾರ್ಥಗಳ ಪಟ್ಟಿಯಲ್ಲಿ ಕ್ರಿಯೇಟಿನ್ ಮೋನೊಹೈಡ್ರೇಟ್ ಒಂದೇ ಇರುವುದು ಒಳ್ಳೆಯದು; ಹತ್ತಾರು ಹೆಸರು ಕಲಸಿದ 'ಪ್ರಿ-ವರ್ಕೌಟ್' ಪುಡಿಗಳಲ್ಲಿ ಎದೆ ಹೊಡೆದುಕೊಳ್ಳುವಷ್ಟು ಕೆಫೀನ್ ಇರುತ್ತದೆ, ತೊಂದರೆಯಾದಾಗ ಯಾವುದರಿಂದ ಎಂದು ಹೇಳುವುದೂ ಕಷ್ಟ. ನೀರಿಗೆ ಹಾಕಿದ ಕ್ರಿಯೇಟಿನ್ ನಿಧಾನವಾಗಿ ಕ್ರಿಯೇಟಿನೈನ್ ಆಗುವುದರಿಂದ ಕಲಸಿದ್ದನ್ನು ಆಗಲೇ ಕುಡಿಯಬೇಕು.

ಯಾರು ತೆಗೆದುಕೊಳ್ಳಬಾರದು ಎಂಬುದಕ್ಕೆ ಉತ್ತರ ಇಷ್ಟು ಹೊತ್ತಿಗೆ ಬಹುಪಾಲು ಸಿಕ್ಕಿದೆ. ಮೂತ್ರಪಿಂಡದ ಕಾಯಿಲೆ ಇರುವವರು, ಅದಕ್ಕೆ ಪೆಟ್ಟು ಕೊಡುವ ಔಷಧಿಗಳ ಮೇಲಿರುವವರು ದೂರವಿರಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರ ಮೇಲೆ ಸಾಕಷ್ಟು ಪ್ರಯೋಗಗಳೇ ನಡೆದಿಲ್ಲವಾದ್ದರಿಂದ ಬೇಡವೆನ್ನುವುದೇ ಸರಿ. 18 ತುಂಬದ ಮಕ್ಕಳ ವಿಷಯದಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಬೇಡವೆಂದಿದೆ, ಕೆಲವು ಕ್ರೀಡಾ ಪೋಷಣಾ ತಜ್ಞರು ತಜ್ಞರ ನಿಗಾದಲ್ಲಿ ಆಗಬಹುದೆಂದಿದ್ದಾರೆ. ಕ್ರೀಡಾ ವಸತಿ ನಿಲಯದಲ್ಲಿರುವ 14-15ರ ಹುಡುಗನಿಗೆ ಊಟ, ನಿದ್ದೆ, ಕಸರತ್ತು ಇನ್ನೂ ಕೊಡಬೇಕಾದದ್ದು ಬೇಕಾದಷ್ಟಿರುವಾಗ ಮೊದಲಿನ ಮಾತೇ ನನಗೆ ಸರಿಯೆನಿಸುತ್ತದೆ. ಇನ್ನು ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆಂದು ಇದನ್ನು ಕೊಳ್ಳುವ ಅಭ್ಯರ್ಥಿಗಳಿಗೆ ತಿಳಿಯಬೇಕಾದದ್ದು ಬೇರೆಯೇ ಇದೆ. ಐದಾರು ನಿಮಿಷ ಹಿಡಿಯುವ ಆ ಓಟ ನಿಂತಿರುವುದು ಉಸಿರಿನ ಆಮ್ಲಜನಕದ ಮೇಲೆ, ಕೆಲವು ಸೆಕೆಂಡಿನ ಫಾಸ್ಫೊಕ್ರಿಯೇಟಿನ್ ದಾಸ್ತಾನಿನ ಮೇಲಲ್ಲ. ಗುಂಡು ಎಸೆತಕ್ಕೆ, ಉದ್ದ ಜಿಗಿತಕ್ಕೆ ತುಸು ನೆರವಾಗಬಹುದಾದ ಪುಡಿ, ಓಟದಲ್ಲಿ ಕೊಡುವುದು ಹೊತ್ತು ಓಡಬೇಕಾದ ಒಂದೆರಡು ಕಿಲೋ ಹೆಚ್ಚುವರಿ ತೂಕ. ನೇಮಕಾತಿಯ ದಿನಕ್ಕೆ ನಾಲ್ಕಾರು ವಾರ ಮೊದಲು ಬಿಟ್ಟರೆ ಸ್ನಾಯುವಿನ ಕ್ರಿಯೇಟಿನ್ ಮೊದಲಿನ ಮಟ್ಟಕ್ಕೆ ಮರಳುತ್ತದೆ, ನೀರಿನ ತೂಕ ಇಳಿಯುತ್ತದೆ, ವೈದ್ಯಕೀಯ ತಪಾಸಣೆಯಲ್ಲಿ ಕ್ರಿಯೇಟಿನೈನ್ ಅಂಕಿಯೂ ತನ್ನ ಜಾಗಕ್ಕೆ ಬರುತ್ತದೆ. ಆ ಮೇಲೂ ಅಂಕಿ ಇಳಿಯದಿದ್ದರೆ ಕಾರಣ ಪುಡಿಯಲ್ಲ ಎಂದು ತಿಳಿದು ಸಿಸ್ಟಾಟಿನ್-ಸಿ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ತಜ್ಞರನ್ನು ಕಾಣಬೇಕು.